ಅಮಾವಾಸ್ಯೆ ದಿನದ ಇಸಿಜಿ

ನನ್ನ ಬಾಯಿ ಮೊದಲಿನಿಂದಲೂ ಜೋರು. ಹೊಸಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಇಸಿಜಿ ತೆಗೆಯುವ ಕೆಲಸಕ್ಕೆ ಸೇರಿದ ಮೇಲೆ ಇನ್ನೂ ಜೋರಾಯಿತು. ಅಲುಗಾಡಬೇಡಿ ಎಂದರೆ ಎದ್ದು ಕೂತು ಕಾಗದದಲ್ಲಿ ಏನು ಬಂತೆಂದು ಇಣುಕುವವರು, ಸುಮ್ಮನೆ ಉಸಿರಾಡಿ ಎಂದರೆ ಉಸಿರನ್ನೇ ಬಿಗಿಹಿಡಿಯುವವರು. ಇಂಥವರ ಜೊತೆ ಮೆತ್ತಗೆ ಮಾತಾಡಿಕೊಂಡು ಕೂತರೆ ಕೆಲಸ ಸಾಗುತ್ತದೆಯೇ? ಎಲ್ಲರಿಗೂ ಬೈಯುತ್ತಿದ್ದ ನನಗೆ ಬೈಯುವವರು ಇಬ್ಬರೇ ಇದ್ದರು. ಒಬ್ಬರು ನಮ್ಮ ಡಾಕ್ಟರು, ಇನ್ನೊಬ್ಬ ನನ್ನ ಸೋದರಮಾವ. ಡಾಕ್ಟರ ಬೈಗುಳಕ್ಕೆ ನಾನು ನಡುಗುತ್ತಿದ್ದೆ, ಮಾವನ ಬೈಗುಳಕ್ಕೆ ನಗುತ್ತಿದ್ದೆ.

ಮಾವನೇ ನನ್ನನ್ನು ಸಾಕಿದ್ದು. ಅಪ್ಪ ತೀರಿಕೊಂಡಾಗ ನಾನು ಇನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ಅವ್ವನನ್ನೂ ನನ್ನನ್ನೂ ಮಲಪನಗುಡಿಯ ತನ್ನ ಮನೆಗೆ ಕರೆತಂದ. ಅವ್ವನೂ ಬಹಳ ವರ್ಷ ಉಳಿಯಲಿಲ್ಲ. ಅತ್ತೆ ಕಂಪ್ಲಿಯವಳು. ಆಕೆಗೆ ಮಕ್ಕಳಿರಲಿಲ್ಲ, ಹಾಗಾಗಿ ಆ ಮನೆಯಲ್ಲಿ ನನ್ನದೇ ದರಬಾರು. ಹತ್ತನೇ ಇಯತ್ತೆ ಮುಗಿದಾಗ ಊರಿನವರೆಲ್ಲ ಗಂಡು ನೋಡು ಎಂದರೆ ಮಾವ ಮಾತ್ರ, "ಮೊದಲ ಕೈಯಾಗ ಒಂದು ಕೆಲಸ ಇರ್ಲಿ" ಎಂದು ನನ್ನನ್ನು ಬಳ್ಳಾರಿಗೆ ಟೆಕ್ನಿಷಿಯನ್ ಕೋರ್ಸಿಗೆ ಹಾಕಿದ. ಸಂಡೂರಿನ ಮೇಲಿನ ಗುಡ್ಡದ ಗಣಿಯಲ್ಲಿ ಅವನು ಡ್ರಿಲ್ಲಿಂಗ್ ಮಿಷಿನ್ ನಡೆಸುತ್ತಿದ್ದ. ಸ್ಫೋಟಕ ತುಂಬಲು ಬಂಡೆಯಲ್ಲಿ ಆಳದ ತೂತು ಕೊರೆಯುವ ಕೆಲಸ. ಮಿಷಿನ್ ನಡುಗಿದಂತೆ ನಡೆಸುವವನ ಹಲ್ಲೂ ನಡುಗುತ್ತದೆ, ತೂತಿನಿಂದ ಏಳುವ ಕೆಂಪು ಧೂಳು ಅವನ ಮೇಲೆಯೇ ಬೀಳುತ್ತದೆ.

ಅದು ಅದಿರಿಗೆ ಹುಚ್ಚು ಹಿಡಿದಿದ್ದ ಕಾಲ. ಲಾರಿಗಳು ಹಗಲಿಡೀ ಸಂಡೂರಿನಿಂದ ಒಂದರ ಹಿಂದೊಂದು ಇಳಿಯುತ್ತಿದ್ದವು. ನಮ್ಮ ನರ್ಸಿಂಗ್ ಹೋಮಿನ ಬಿಳಿ ಚಾದರಗಳು ಎರಡೇ ದಿನಕ್ಕೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿದ್ದವು. ಹಂಪಿ ನೋಡಲು ಬಂದ ಪ್ರವಾಸಿಗರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಸ್ಸಿಳಿಯುತ್ತಿದ್ದರು. ನಾವು ಕಟ್ಟಿಕೊಳ್ಳುತ್ತಿರಲಿಲ್ಲ, ರೂಢಿಯಾಗಿಬಿಟ್ಟಿತ್ತು.

ಆ ಬೇಸಿಗೆಯಲ್ಲಿ ಮಾವ ಎರಡು ಸಲ ಮಿಷಿನ್ ಹತ್ತಿರವೇ ಕಣ್ಣು ಕತ್ತಲಾಗಿ ಬಿದ್ದ. ಎರಡೂ ಸಲ ತಾನೇ ಎದ್ದು, ನೀರು ಕುಡಿದು ಮತ್ತೆ ಕೆಲಸಕ್ಕೆ ನಿಂತ. "ಬಿಸ್ಲಿಗೆ ಆಗೈತಿ, ನೀ ದೊಡ್ಡದು ಮಾಡಬ್ಯಾಡ" ಎಂದು ಗದರಿದ. ನಾನು ಬಿಡುತ್ತೇನೆಯೇ? ಎಳೆದುಕೊಂಡು ಡಾಕ್ಟರ ಮುಂದೆ ಕೂರಿಸಿದೆ. ಅವರು ಮೈಸೂರು ಕಡೆಯವರು, ಊರಿಗೆ ಹೊಸಬರು, ಒಳ್ಳೆಯ ವೈದ್ಯರು. ಇಸಿಜಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು.

"ಈಗ ಸರಿಯಾಗೇ ಇದೆ. ಆದರೆ ಕೆಲಸ ಮಾಡುವಾಗ ಹೃದಯ ನಡುನಡುವೆ ಕೆಲವು ಸೆಕೆಂಡು ನಿಂತು ಹೋಗ್ತಿರಬಹುದು. ನಿಂತದ್ದನ್ನ ನಾವು ಹಿಡೀಬೇಕಮ್ಮ. ಹಿಡಿದರೆ ಪೇಸ್‌ಮೇಕರ್ ಹಾಕಿಸಬಹುದು, ಬದುಕಿಕೊಳ್ತಾರೆ. ಹಿಡೀದೇ ಇದ್ದರೆ ಒಂದು ದಿನ ನಿಂತದ್ದು ನಿಂತೇ ಹೋಗುತ್ತೆ."

ಹಿಡಿಯುವ ಸಾಧನ ನಮ್ಮಲ್ಲಿ ಆಗಷ್ಟೇ ಬಂದಿತ್ತು. ಮೈಮೇಲೆ ಕಟ್ಟುವ ಇಸಿಜಿ. ಅಂಗೈಗಿಂತ ತುಸು ದೊಡ್ಡ ಡಬ್ಬಿ, ಅದರಿಂದ ಏಳು ವೈರು, ವೈರಿನ ತುದಿಗೊಂದು ಅಂಟುವ ಬಿಲ್ಲೆ. ಬಿಲ್ಲೆಗಳನ್ನು ಎದೆಗೆ ಅಂಟಿಸಿ, ಡಬ್ಬಿಯನ್ನು ಸೊಂಟಕ್ಕೆ ಕಟ್ಟಿ ಕಳಿಸಿದರೆ ಒಂದು ಹಗಲು ಒಂದು ರಾತ್ರಿಯ ಎದೆಬಡಿತವೆಲ್ಲ ಅದರಲ್ಲಿ ತುಂಬಿಕೊಳ್ಳುತ್ತದೆ. ಮರುದಿನ ಕಂಪ್ಯೂಟರಿಗೆ ಜೋಡಿಸಿದರೆ ಗೆರೆಗಳಾಗಿ ಕಾಣುತ್ತದೆ. ಅದನ್ನು ತಯಾರಿಸಿದವರು ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕೂರುವ ಮನುಷ್ಯರನ್ನು ಮಾತ್ರ ಕಂಡಿದ್ದರೇನೋ. ಜೊತೆಗೆ ಬಂದ ಪುಸ್ತಕದಲ್ಲಿ ಬೆವರಬಾರದು, ಧೂಳು ತಾಗಬಾರದು, ಮೈ ಕುಲುಕಬಾರದು ಎಂದೆಲ್ಲ ಬರೆದಿತ್ತು. ಗಣಿಯಲ್ಲಿ ಈ ಮೂರನ್ನೂ ಬಿಟ್ಟರೆ ಇನ್ನೇನಿದೆ, ಹೇಳಿ?

ಮಾವನಿಗೆ ಇನ್ನೊಂದು ಯೋಚನೆಯೂ ಇತ್ತು. ಗಣಿಯ ಸೂಪರ್‌ವೈಸರ್ ಒಳ್ಳೆಯ ಮನುಷ್ಯ. "ಡಾಕ್ಟರ ಕಾಗದ ತಂದರ ಕೆಳಗಿನ ಸ್ಟೋರಿನಾಗ ಕುಂದ್ರಸ್ತೀನಿ, ಸಾಮಾನು ಕೊಡೋ ಕೆಲಸ" ಎಂದಿದ್ದನಂತೆ. ಡ್ರಿಲ್ ಬಿಡುವುದೆಂದರೆ ಮಾವನಿಗೆ ಜೀವ ಹಿಂಡಿದಂತೆ. ಆದರೂ, "ಡಬ್ಬಿ ಏನ್ ಹೇಳತೈತೋ ಹಂಗ ಮಾಡ್ತೀನಿ" ಎಂದು ಮಾತು ಕೊಟ್ಟ. ಡ್ರಿಲ್ಲೋ ಸ್ಟೋರೋ, ಆ ತೀರ್ಮಾನ ನಾನು ಅಂಟಿಸುವ ಏಳು ಬಿಲ್ಲೆಗಳ ಮೇಲೆ ನಿಂತಿತು.

ಮೊದಲ ದಿನ ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ, ಎದೆಯ ಮೇಲೆ ಮೂರು ಬೆರಳು ವಿಭೂತಿ ಎಳೆದುಕೊಂಡು ಬಂದು ಮಲಗಿದ. ಬಿಲ್ಲೆ ಅಂಟಲೆಂದು ಎದೆಯ ಕೂದಲು ಬೋಳಿಸುವಾಗ, "ಮುದುಕ ಆದಮ್ಯಾಲ ಸೊಸಿ ಕೈಯಾಗ ಕಟಿಂಗ್ ಮಾಡಿಸ್ಕೊಳ್ಳೋ ಹಣೆಬರಹ" ಎಂದು ನಗಿಸಿದ. ನಾನು ಹತ್ತಿಯಿಂದ ವಿಭೂತಿಯನ್ನು ಹಗುರಾಗಿ ಒರೆಸಿ ಬಿಲ್ಲೆ ಅಂಟಿಸಿದೆ. ವಿಭೂತಿಯನ್ನು ಉಜ್ಜಿ ತೆಗೆಯಲು ಕೈ ಬರಲಿಲ್ಲ. ಮರುದಿನ ಬಂದಾಗ ನಾಲ್ಕು ಬಿಲ್ಲೆ ಕಿತ್ತು ಜೋತಾಡುತ್ತಿದ್ದವು. ಅಂಟಿನ ಮೇಲೆ ಬೂದಿ, ಬೆವರು, ಕೆಂಪು ಧೂಳು ಸೇರಿ ಕೆಸರಾಗಿತ್ತು.

"ಮಾಮಾ, ಏನ್ ಮಾಡ್ಕೊಂಡ್ ಬಂದಿ ಇದನ್ನ?"

"ನಾ ಏನ್ ಮಾಡ್ಲೇ? ಬೆವರಿಗೆ ತಾವ ಬಿದ್ವು. ಮತ್ತ ಒತ್ತಿ ಹಚ್ಚೇನಿ."

"ಒತ್ತಿ ಹಚ್ಚಾಕ ಅದೇನು ರೊಟ್ಟಿ ಹಿಟ್ಟೇನು!"

ಕಂಪ್ಯೂಟರಿನಲ್ಲಿ ಬಂದದ್ದು ಗೆರೆಯಲ್ಲ, ಮುಳ್ಳಿನ ಬೇಲಿ. ಡಾಕ್ಟರು ಅದನ್ನು ನೋಡಿ ನನ್ನನ್ನು ನೋಡಿದರು. "ಚರ್ಮ ಸರಿಯಾಗಿ ಕ್ಲೀನ್ ಮಾಡೋದೂ ಹೇಳಿಕೊಡಬೇಕೇನಮ್ಮಾ?"

ಎರಡನೆಯ ಸಲ ಮನಸ್ಸು ಗಟ್ಟಿ ಮಾಡಿ ವಿಭೂತಿಯನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಬಿಲ್ಲೆಗಳ ಮೇಲೆ ಅಡ್ಡಡ್ಡ ಪ್ಲಾಸ್ಟರ್ ಬಿಗಿದೆ. ಆದರೆ ಕೊರಳಿನಲ್ಲಿ ಲಿಂಗವಿತ್ತು. ಬೆಳ್ಳಿಯ ಕರಡಿಗೆಯಲ್ಲಿ ಲಿಂಗವಿಟ್ಟು ದಾರದಲ್ಲಿ ಎದೆಯ ನಡುವೆ ಇಳಿಬಿಡುವುದು ನಮ್ಮಲ್ಲಿ ಪದ್ಧತಿ. ಹೋಗಿ ಹೋಗಿ ಮುಖ್ಯ ಬಿಲ್ಲೆಯ ಜಾಗವೂ ಅಲ್ಲೇ. "ಒಂದ ದಿನ ತೆಗದಿಡು ಮಾಮಾ" ಎಂದೆ. ಮಾವನ ಮುಖ ಕಪ್ಪಿಟ್ಟಿತು.

"ಏನಂತ ಮಾತಾಡ್ತೀಲೇ? ಲಿಂಗ ಮೈಮ್ಯಾಲಿಂದ ಇಳಿಯೋದು ಮಣ್ಣಿಗೆ ಹೋಗೋ ದಿನ. ಅಷ್ಟೂ ತಿಳಿಯಂಗಿಲ್ಲೇನು ನಿನಗ?"

ತಿಳಿಯುತ್ತಿತ್ತು. ನಾನೂ ಅದೇ ಮನೆಯಲ್ಲಿ ಬೆಳೆದವಳು. ಬಾಯಿ ಮುಚ್ಚಿಕೊಂಡು ಕರಡಿಗೆಯ ಪಕ್ಕದಲ್ಲೇ ಬಿಲ್ಲೆ ಅಂಟಿಸಿ ಕಳಿಸಿದೆ. ಡ್ರಿಲ್ ನಡುಗಿದಾಗಲೆಲ್ಲ ಕರಡಿಗೆ ಬಿಲ್ಲೆಗೆ ಬಡಿದಿತ್ತು. ಗೆರೆಯ ತುಂಬ ಅದೇ ಬಡಿತ. ಎದೆಯದು ಯಾವುದು, ಬೆಳ್ಳಿಯದು ಯಾವುದು, ಬೇರ್ಪಡಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಡಾಕ್ಟರು ಈ ಸಲ ದನಿ ಏರಿಸಿದರು. ಬಾಗಿಲು ತೆರೆದೇ ಇತ್ತು. ಹೊರಗೆ ರೋಗಿಗಳೂ ಇದ್ದರು, ನರ್ಸುಗಳೂ ಇದ್ದರು. "ಮಿಷಿನ್ ತಂದಿಟ್ಟರೆ ಸಾಲದು, ಉಪಯೋಗಿಸೋರಿಗೆ ತಲೆ ಇರಬೇಕು. ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ಇಟ್ಟುಕೊಳ್ತೀನಿ." ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವಮಾನ ನುಂಗಿಕೊಂಡು ಹೊರಗೆ ಬಂದವಳು ಬೆಂಚಿನ ಮೇಲೆ ಕೂತಿದ್ದ ಮಾವನ ಮೇಲೆ ಹರಿಹಾಯ್ದೆ. 

ಆಗಲೇ ನನಗೆ ಆ ಹಾಳು ಉಪಾಯ ಹೊಳೆದದ್ದು.

ನಮ್ಮ ಕಡೆ ಅಮಾವಾಸ್ಯೆಯ ದಿನ ಗಣಿಯ ಮಿಷಿನ್‌ಗಳು ಕೆಲಸ ಮಾಡುವುದಿಲ್ಲ. ಲಾರಿ, ಡ್ರಿಲ್ಲು ಎಲ್ಲವನ್ನೂ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು, ನಿಂಬೆಹಣ್ಣು ಕಟ್ಟಿ ನಿಲ್ಲಿಸುತ್ತಾರೆ. ಅವತ್ತು ಧೂಳಿಲ್ಲ, ಕುಲುಕಾಟವಿಲ್ಲ, ಬೆವರೂ ಇಲ್ಲ. ಇನ್ನು ನಾಲ್ಕೇ ದಿನಕ್ಕೆ ಅಮಾವಾಸ್ಯೆ ಇತ್ತು. "ಮಾಮಾ, ಅಮಾಸಿ ದಿನ ಕಟ್ತೀನಿ, ಮನ್ಯಾಗ ಇರು" ಎಂದೆ. ಅವನು ನನ್ನ ಮುಖ ನೋಡಿ, "ಆತು ಬಿಡವ್ವಾ" ಎಂದ.

ಏನು ಚಂದದ ಗೆರೆ ಬಂತು ಅಂತೀರಿ! ಒಂದು ಹಗಲು ಒಂದು ರಾತ್ರಿಯಲ್ಲಿ ಒಂದು ಮುಳ್ಳಿಲ್ಲ, ಒಂದು ಕೊಂಕಿಲ್ಲ. ಡಾಕ್ಟರು ಖುಷಿಯಾದರು. "ನೋಡು, ಇದು ರೆಕಾರ್ಡಿಂಗ್ ಅಂದ್ರೆ. ಎಲ್ಲ ದಿನದ ಹಾಗೇ ಇದ್ದರು ತಾನೇ?" ಎಂದು ಕೇಳಿದರು. ಮೈಸೂರು ಕಡೆಯ ಮನುಷ್ಯರಿಗೆ ನಮ್ಮ ಗಣಿಯ ಅಮಾವಾಸ್ಯೆ ಏನು ಗೊತ್ತು? ನಾನು ತಲೆಯಾಡಿಸಿದೆ. ಅಷ್ಟೇ. ಸುಳ್ಳು ಹೇಳಲು ಬಾಯಿಯನ್ನೂ ತೆರೆಯಬೇಕಾಗಲಿಲ್ಲ. ಅವರು 'ನಾರ್ಮಲ್' ಎಂದು ಬರೆದು ಸಹಿ ಹಾಕಿದರು.

ಆ ಕಾಗದ ಹಿಡಿದುಕೊಂಡು ಸಂಜೆ ಮಲಪನಗುಡಿಗೆ ಓಡಿದೆ. ಮಾವ ಅಂಗಳದಲ್ಲಿ ಕೂತಿದ್ದ. "ಮತ್ತೇನು, ಸ್ಟೋರಿಗೆ ಹೋಗಬೇಕೋ, ಬ್ಯಾಡೋ?" ಎಂದು ಕೇಳಿದ. ನಾನು, ಅವನ ಸೊಸೆ, ಅವನೇ ಓದಿಸಿದ ಟೆಕ್ನಿಷಿಯನ್, ನಕ್ಕು ಹೇಳಿದೆ: "ಏನೂ ಇಲ್ಲ ಮಾಮಾ. ಎದಿ ಗಟ್ಟಿ ಐತಿ. ಆರಾಮ ಡ್ರಿಲ್ ನಡೆಸು." ಅತ್ತೆ ಆ ಕಾಗದವನ್ನು ದೇವರ ಗೂಡಿನಲ್ಲಿಟ್ಟು ಕೈಮುಗಿದಳು.

ಮೂರನೆಯ ತಿಂಗಳು, ಒಂದು ಮಧ್ಯಾಹ್ನ, ಮಾವ ಮಿಷಿನ್ ಮುಂದೆ ಬಿದ್ದ. ಈ ಸಲ ಏಳಲಿಲ್ಲ. ಗಣಿಯ ಜೀಪಿನಲ್ಲಿ ನಮ್ಮ ನರ್ಸಿಂಗ್ ಹೋಮಿಗೇ ತಂದರು. ಮೈಯೆಲ್ಲ ಕೆಂಪು ಧೂಳು. ನಾನೇ ಅಂಗಿ ಕತ್ತರಿಸಿ, ಎದೆ ಒರೆಸಿ, ಇಸಿಜಿ ಹಚ್ಚಿದೆ. ಸೀದಾ ಗೆರೆ ಬಂತು. ಬಿಲ್ಲೆ ಸರಿಯಾಗಿ ಕೂತಿಲ್ಲವೆಂದು ಮತ್ತೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ. ಕೊನೆಗೆ ಡಾಕ್ಟರೇ ನನ್ನ ಕೈ ಹಿಡಿದು ಈಚೆಗೆ ಎಳೆದರು.

ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಣ್ಣಿಗೆ ಬಂದವರೆಲ್ಲರ ಮುಂದೆ ಅವಳು ಹೇಳಿದ್ದು ಒಂದೇ ಮಾತು: "ನಮ್ಮ ಹುಡುಗಿ ಡಬ್ಬಿ ಕಟ್ಟಿ ನೋಡಿದ್ಳು, ಎದಿ ಚೊಲೋನ ಇತ್ತು. ಶಿವಾ ಕರದ, ಹೋದ್ರು." ಅವಳು ಅದನ್ನು ಹೇಳಿದ ಪ್ರತಿಸಲವೂ ನನಗೆ ಅಲ್ಲಿಂದ ಎದ್ದು ಓಡಿಬಿಡಬೇಕು ಅನಿಸುತ್ತಿತ್ತು. ಓಡಲಿಲ್ಲ. ಬಂದವರಿಗೆ ಚಾ ಕೊಡುತ್ತಾ ನಿಂತಿದ್ದೆ.

ಹದಿನೈದು ದಿನ ರಜೆ ಹಾಕಿ ಕೂತೆ. ಆಮೇಲೆ ಡಾಕ್ಟರ ಹತ್ತಿರ ಹೋಗಿ ಅಮಾವಾಸ್ಯೆಯ ವಿಷಯವನ್ನು ಇದ್ದದ್ದು ಇದ್ದಂತೆ ಹೇಳಿದೆ. ಕೆಲಸದಿಂದ ತೆಗೆಯುತ್ತಾರೆ, ತೆಗೆಯಲಿ ಎಂದುಕೊಂಡಿದ್ದೆ. ಅವರು, "ನಾನೂ ಬಿಡಿಸಿ ಕೇಳಬೇಕಿತ್ತು" ಎಂದರು. ಮತ್ತೆ, "ಮುಂದಿನವರಿಗಾದರೂ ಇದನ್ನ ಗಣಿಯೊಳಗೇ ಕೆಲಸ ಮಾಡೋ ಹಾಗೆ ಮಾಡೋಕೆ ಆಗುತ್ತಾ ನೋಡು" ಎಂದು ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

ಆವತ್ತಿನಿಂದ ನನಗೆ ಹಟ ಹಿಡಿಯಿತು. ಭಾನುವಾರ ಬಂತೆಂದರೆ ಡಬ್ಬಿಯನ್ನು ನನ್ನ ಮೈಗೇ ಕಟ್ಟಿಕೊಂಡು ಪರಿಚಯದ ಟಿಪ್ಪರಿನಲ್ಲಿ ಸಂಡೂರಿಗೆ ಹೋಗಿ ಬರುತ್ತಿದ್ದೆ. ಸೂಪರ್‌ವೈಸರ್, ಮಾವನ ಮೇಲಿನ ಗೌರವಕ್ಕೆ, ಅದಿರು ಪುಡಿ ಮಾಡುವ ಕ್ರಷರಿನ ಹತ್ತಿರ ನಿಲ್ಲಲು ಬಿಟ್ಟ. "ಈಕಿಗೆ ತಲಿ ಕೆಟ್ಟೈತಿ" ಎಂದು ಡ್ರೈವರುಗಳು ಆಡಿಕೊಂಡರು. ಆಡಿಕೊಳ್ಳಲಿ. ಮರಳಿ ಬಂದು ಗೆರೆ ನೋಡುವುದು, ಎಲ್ಲಿ ಕೆಟ್ಟಿದೆ, ಯಾಕೆ ಕೆಟ್ಟಿದೆ ಎಂದು ಬರೆದಿಡುವುದು, ಮುಂದಿನ ವಾರ ಅದೊಂದನ್ನು ಬದಲಾಯಿಸುವುದು. ಹೀಗೆ ನಾಲ್ಕೈದು ತಿಂಗಳು ಕಳೆದವು.

ಮಾಂಸದ ಮೇಲೆ ಅಂಟಿಸಿದರೆ ತೋಳು ಎತ್ತಿದಾಗಲೆಲ್ಲ ಗೆರೆ ಕೆಡುತ್ತಿತ್ತು. ಬಿಲ್ಲೆಗಳನ್ನು ಕತ್ತಿನ ಬುಡದ ಮೂಳೆಗೆ, ಎದೆಮೂಳೆಗೆ, ಪಕ್ಕೆಲುಬಿಗೆ ಸರಿಸಿದೆ. ಆಪರೇಷನ್ ಆದವರಿಗೆ ಪ್ಲಾಸ್ಟರ್ ಗಟ್ಟಿಯಾಗಿ ಹಿಡಿಯಲೆಂದು ಹಚ್ಚುವ ಕಂದು ಬಣ್ಣದ ಟಿಂಚರ್ ನಮ್ಮಲ್ಲೇ ಇತ್ತು. ಅದನ್ನು ಬಿಲ್ಲೆಯ ಸುತ್ತ ಮಾತ್ರ ಬಳಿದು ಒಣಗಿಸಿದರೆ ಬೆವರಿಗೂ ಬಿಲ್ಲೆ ಜಗ್ಗುವುದಿಲ್ಲ. ವೈರನ್ನು ನೇರವಾಗಿ ಎಳೆದು ಕಟ್ಟುವ ಬದಲು ಒಂದು ಸುತ್ತು ಸಡಿಲ ಬಿಟ್ಟು ಪ್ಲಾಸ್ಟರ್ ಹಾಕಿದೆ, ಆಗ ಕುಲುಕಾಟ ಬಿಲ್ಲೆಯವರೆಗೆ ಬರುವುದಿಲ್ಲ. ಅದರ ಮೇಲೆ ಬಾಣಂತಿಯರಿಗೆ ಹೊಟ್ಟೆ ಕಟ್ಟುವ ಹಾಗೆ ಅಗಲದ ಹತ್ತಿ ಬಟ್ಟೆ ಸುತ್ತಿದೆ. ಡಬ್ಬಿಗೆ ಪ್ಲಾಸ್ಟಿಕ್ ಸುತ್ತಿ, ಹಳೆಯ ಕೌದಿಯ ತುಂಡಿನಿಂದ ಚೀಲ ಹೊಲಿದು ಬೆನ್ನಿಗೆ ಕಟ್ಟಿದೆ.

ಉಳಿದದ್ದು ಲಿಂಗ. ಗಣಿಯಲ್ಲಿ ಲಿಂಗ ಕಟ್ಟಿದವರು ಮಾವನೊಬ್ಬನೇ ಅಲ್ಲ. ನಮ್ಮ ಮನೆಗೆ ಪೂಜೆಗೆ ಬರುವ ಜಂಗಮ ಅಯ್ಯನವರನ್ನು ಕೇಳಿದೆ. ಅವರು ಚಾ ಬಟ್ಟಲು ಕೆಳಗಿಟ್ಟು, ಇದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ ಹೇಳಿದರು: "ರಟ್ಟಿಗೆ ಕಟ್ಕೊಳ್ಳಲಿ. ಹೊಕ್ಕಳಕಿಂತ ಕೆಳಗ ಇಳೀಬಾರದು, ಮೈ ಬಿಟ್ಟಿರಬಾರದು, ಅಷ್ಟ. ಹಿಂದಿನವ್ರು ಭಾಳ ಮಂದಿ ತೋಳಿಗೇ ಕಟ್ತಿದ್ರು."

ಒಂದು ಚಾ ಕುಡಿಯುವಷ್ಟು ಹೊತ್ತಿನ ಮಾತು. ಮಾವ ಬದುಕಿದ್ದಾಗ ಅದೇ ಅಯ್ಯನವರು ಎಷ್ಟು ಸಲ ಅದೇ ಜಗಲಿಯ ಮೇಲೆ ಕೂತಿದ್ದರು! ನಾನು ಕೇಳಿರಲಿಲ್ಲ. ಅವರು ಹೋದ ಮೇಲೆ ಹಿತ್ತಿಲಿಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ.

ಮರುವರ್ಷ ಕುರೆಕುಪ್ಪದ ಒಬ್ಬ ಟಿಪ್ಪರ್ ಡ್ರೈವರ್ ಬಂದ. ಅವನಿಗೂ ಅದೇ ಕಾಯಿಲೆ, ಕಣ್ಣು ಕತ್ತಲೆ. ವಯಸ್ಸು ಮೂವತ್ತು ದಾಟಿರಲಿಲ್ಲ. "ನಾಳೆ ರಜಾ ಹಾಕ್ಲೇನ್ರಿ ಅಕ್ಕಾರ?" ಎಂದು ಕೇಳಿದ. "ರಜಾ ಹಾಕಿದರ ಕಾಲು ಮುರೀತೀನಿ. ದಿನಾ ಏನ್ ಮಾಡ್ತೀಯೋ ಅದನ್ನ ಮಾಡು. ಆದ್ರ ನಾಳೆ ಸ್ಟೇರಿಂಗ್ ಮಾತ್ರ ಮುಟ್ಟಬ್ಯಾಡ, ಬಾಜೂ ಸೀಟಿನ್ಯಾಗ ಕುಂದ್ರು, ಲೋಡ್ ಮಾಡೋವಾಗ ಇಳಿದು ನಿಲ್ಲು" ಎಂದು, ಅವನ ಜೊತೆಗಾರನಿಗೆ ಗಾಡಿ ಕೊಡಿಸಿ ಕಳಿಸಿದೆ. ಮರುದಿನ ಬಟ್ಟೆ ಬಿಚ್ಚಿದರೆ ಏಳಕ್ಕೆ ಏಳೂ ಬಿಲ್ಲೆ ಕೂತಲ್ಲೇ ಇದ್ದವು. ಗೆರೆ ಓಡಿಸುತ್ತಾ ಹೋದೆ. ಮಧ್ಯಾಹ್ನದ ಹೊತ್ತಿನಲ್ಲಿ ಒಂದು ಕಡೆ ಗೆರೆ ಮಲಗಿತು. ಒಂದು, ಎರಡು, ಮೂರು, ನಾಲ್ಕು ಸೆಕೆಂಡು. ಆಮೇಲೆ ಮತ್ತೆ ಎದ್ದಿತು. ಎದ್ದು ಓಡಿ ಡಾಕ್ಟರನ್ನು ಕರೆತಂದೆ. ಅವನಿಗೆ ಹುಬ್ಬಳ್ಳಿಯಲ್ಲಿ ಪೇಸ್‌ಮೇಕರ್ ಹಾಕಿದರು. ಈಗಲೂ ಇದ್ದಾನೆ.

ಅವನು ಹೆಂಡತಿಯೊಂದಿಗೆ ಬಂದು ಪೇಢೆ ಕೊಟ್ಟು ಹೋದ ದಿನ ನಾನು ಇನ್ನು ತಡೆಯಲಾರದೆ ಮಲಪನಗುಡಿಗೆ ಹೋದೆ. ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮುಂದೆ ಕೂತು ಎಲ್ಲವನ್ನೂ ಹೇಳಿದೆ. "ಅತ್ತೀ, ಎದಿ ಚೊಲೋ ಇರ್ಲಿಲ್ಲ. ನಾ ಬೇಕಂತಲೇ ಅಮಾಸಿ ದಿನ ಕಟ್ಟಿದೆ. ಗೀಟು ಚಂದ ಬರ್ಲಿ ಅಂತ. ಡಾಕ್ಟ್ರಿಗೆ ಹೇಳಲಿಲ್ಲ. ನಾನ ಮಾಮಾನ್ನ ಡ್ರಿಲ್ಲಿಗೆ ಕಳಿಸಿದೆ."

ಅತ್ತೆ ಮೊರವನ್ನು ಪಕ್ಕಕ್ಕಿಟ್ಟಳು. ಬೈಯುತ್ತಾಳೆ, ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ.

"ಗೊತ್ತೈತಿ ಬಿಡವ್ವಾ" ಎಂದಳು. "ಅವ್ರಿಗೂ ಗೊತ್ತಿತ್ತು. ಹಿಂದಿನ ದಿನಾನ ನಾ ಕೇಳಿದ್ದೆ, ಸುಮ್ನ ಕುಂತ ಮನುಷ್ಯಾಗ ಕಟ್ಟಿದರ ಏನ್ ತಿಳೀತೈತಿ, ಹುಡುಗಿಗೆ ಹೇಳ್ರಿ ಅಂತ. ಅದಕ ಅವ್ರು, 'ಎರಡು ಸಲ ನನ್ನ ಸಲುವಾಗಿ ಮಂದಿ ಮುಂದ ಡಾಕ್ಟ್ರ ಕೈಲಿ ಬೈಸ್ಕೊಂಡಾಳ. ಹೊರಗ ಕುಂತು ಕೇಳೀನಿ. ಈ ಸಲ ಆಕಿ ಗೀಟು ಸೀದಾ ಬರ್ಲಿ' ಅಂದ್ರು. ಇಡೀ ದಿನ ಮಂಚ ಬಿಟ್ಟು ಇಳೀಲಿಲ್ಲ. ನೀರಿನ ಚಂಬು ಸೈತ ನಾನ ಎತ್ತಿ ಕುಡಿಸಿದೆ. ಒಂದು ಅಮಾಸಿನೂ ಮಿಷಿನ್ ಪೂಜಿ ತಪ್ಪಿಸಿದವ್ರಲ್ಲ, ಅವತ್ತು ಕಾಯಿ ಬ್ಯಾರೇವ್ರ ಕೈಯಾಗ ಕಳಿಸಿದ್ರು. ಕೈ ಅಲುಗಿದರ ಹುಡುಗಿ ಕೆಲಸ ಹೋದೀತು ಅಂತ."

ನೀನು ಒಂದು ಮಾತು ಹೇಳಿದ್ದರೆ ಬೈಸಿಕೊಳ್ಳುತ್ತಿದ್ದೆ ಮಾಮಾ. ಇನ್ನೂ ಹತ್ತು ಸಲ, ಊರ ಮಂದಿಯ ಮುಂದೆ, ಬೈಸಿಕೊಳ್ಳುತ್ತಿದ್ದೆ.